ಹದಿಮೂರು ಗೋಲಾದ ಮೇಲೂ ಯಾಕೆ ನಿಲ್ಲಿಸಬಾರದು?

2025ರ ಜೂನ್ 23, ಥಾಯ್ಲೆಂಡ್‌ನ ಚಿಯಾಂಗ್ ಮಾಯ್. ಮಹಿಳಾ ಏಷ್ಯನ್ ಕಪ್‌ನ ಅರ್ಹತಾ ಸುತ್ತಿನಲ್ಲಿ ಭಾರತ ತಂಡ ಮಂಗೋಲಿಯಾ ವಿರುದ್ಧ 13 ಗೋಲು ಹೊಡೆಯಿತು. ಒಂದನ್ನೂ ಬಿಟ್ಟುಕೊಡಲಿಲ್ಲ. ಇಂಥ ಸ್ಕೋರ್ ಬಂದಾಗಲೆಲ್ಲ ಯಾರಾದರೂ ನನ್ನನ್ನು ಕೇಳುತ್ತಾರೆ: "ಐದಾರು ಗೋಲಾದ ಮೇಲೆ ಸುಮ್ನೆ ಪಾಸ್ ಮಾಡ್ಕೊಂಡು ಇರಬಹುದಿತ್ತಲ್ವಾ?"

ಮಹಿಳಾ ತಂಡಗಳಿಗೆ ಎದುರಾಳಿಯ ಆಟ ನೋಡಿ ವರದಿ ಬರೆದುಕೊಡುವುದು ನನ್ನ ಕೆಲಸ. ಆದರೆ ವಿಡಿಯೋ ತೆರೆಯುವ ಮೊದಲು ನಾನು ಟೂರ್ನಿಯ ನಿಯಮಾವಳಿ ಓದುತ್ತೇನೆ. ಗುಂಪಿನಿಂದ ಎಷ್ಟು ತಂಡ ಮುಂದೆ ಹೋಗುತ್ತದೆ? ಅಂಕ ಸಮವಾದರೆ ಏನನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ? ತಂಡ ಹೇಗೆ ಆಡಬೇಕು ಅನ್ನುವುದು ಅರ್ಧದಷ್ಟು ಅಲ್ಲೇ ತೀರ್ಮಾನವಾಗಿರುತ್ತದೆ.

ಚಿಯಾಂಗ್ ಮಾಯ್‌ನ ಲೆಕ್ಕ ನೋಡಿ. ಗುಂಪಿನಲ್ಲಿ ಐದು ತಂಡ, ಮುಂದೆ ಹೋಗುವುದು ಒಂದೇ. ಭಾರತ ಮಂಗೋಲಿಯಾವನ್ನು 13-0, ತಿಮೋರ್ ಲೆಸ್ಟೆಯನ್ನು 4-0, ಇರಾಕನ್ನು 5-0 ಅಂತರದಿಂದ ಸೋಲಿಸಿತು. ಒಟ್ಟು 22 ಗೋಲು. ಆತಿಥೇಯ ಥಾಯ್ಲೆಂಡ್ ಕೂಡ ಅದೇ ಮೂರು ತಂಡಗಳನ್ನು ಸೋಲಿಸಿತ್ತು. ಅದರದ್ದೂ 22 ಗೋಲು, ಬಿಟ್ಟುಕೊಟ್ಟದ್ದು ಸೊನ್ನೆ. ಜುಲೈ 5ರಂದು ಎರಡೂ ತಂಡಗಳು ಮೈದಾನಕ್ಕಿಳಿದಾಗ ಅಂಕ, ಗೋಲು ವ್ಯತ್ಯಾಸ (ಹೊಡೆದದ್ದರಲ್ಲಿ ಬಿಟ್ಟುಕೊಟ್ಟದ್ದನ್ನು ಕಳೆದರೆ ಉಳಿಯುವುದು), ಹೊಡೆದ ಗೋಲು, ಎಲ್ಲವೂ ಸಮ. ಡ್ರಾ ಆಗಿದ್ದರೆ ಪೆನಾಲ್ಟಿ ಶೂಟೌಟ್‌ಗೆ ಹೋಗಬೇಕಿತ್ತು. ಮಂಗೋಲಿಯಾ ವಿರುದ್ಧ ಹದಿನಾಲ್ಕನೆಯ ಗೋಲು ಬಿದ್ದಿದ್ದರೆ? ಭಾರತಕ್ಕೆ ಡ್ರಾ ಸಾಕಿತ್ತು! ಕೊನೆಯ ಇಪ್ಪತ್ತು ನಿಮಿಷ ಹಿಂದೆ ನಿಂತು ಕಾಯ್ದುಕೊಳ್ಳಬಹುದಿತ್ತು. ಆ ಅವಕಾಶ ಇರಲಿಲ್ಲ, ಹಾಗಾಗಿ ಗೆಲ್ಲಲೇಬೇಕಾಯಿತು. ಸಂಗೀತಾ ಬಾಸ್ಫೋರ್ ಎರಡು ಗೋಲು ಹೊಡೆದರು, 2-1ರಲ್ಲಿ ಭಾರತ ಗೆದ್ದಿತು. ಅರ್ಹತಾ ಸುತ್ತು ಆಡಿ ಏಷ್ಯನ್ ಕಪ್‌ಗೆ ಹೋದದ್ದು ಭಾರತದ ಮಹಿಳೆಯರಿಗೆ ಅದೇ ಮೊದಲು.

ಇಂಥ ಕಡೆ ನಮ್ಮ ಕಷ್ಟ ಬೇರೆಯೇ. ಮೂರು ದಿನಕ್ಕೊಂದು ಪಂದ್ಯ ಇದ್ದಾಗ ಮುಖ್ಯ ಆಟಗಾರ್ತಿಯರಿಗೆ ವಿಶ್ರಾಂತಿ ಬೇಕು. ಗೋಲೂ ಬೇಕು. ಐದು ಗೋಲು ಮುಂದಿರುವಾಗ ಸ್ಟ್ರೈಕರ್‌ನ್ನು ಹೊರಗೆ ಕರೆಯಬೇಕೋ ಬೇಡವೋ ಎಂದು ಕೋಚ್ ಕೇಳಿದರೆ ಸುಲಭದ ಉತ್ತರ ಇರುವುದಿಲ್ಲ. ನಾನು ಸಾಮಾನ್ಯವಾಗಿ ಕರೆಯಿರಿ ಎನ್ನುತ್ತೇನೆ. ಬದಲಿಗೆ ಹೋಗುವವಳಿಗೆ ಮಾತ್ರ ವೇಗ ತಗ್ಗಿಸಬೇಡ ಎಂದು ಹೇಳಿ ಕಳಿಸಬೇಕು. ಇನ್ನೊಂದು ಕೊರತೆ ವಿಡಿಯೋದ್ದು. ಕೆಲವು ದೇಶಗಳ ಮಹಿಳಾ ತಂಡ ವರ್ಷದಲ್ಲಿ ಆಡುವುದೇ ಬೆರಳೆಣಿಕೆಯ ಪಂದ್ಯ, ಅದರಲ್ಲೂ ಎಲ್ಲವೂ ರೆಕಾರ್ಡ್ ಆಗಿರುವುದಿಲ್ಲ. ಒಂದೇ ಊರಿನಲ್ಲಿ ಇಡೀ ಗುಂಪು ಆಡುವಾಗ ಗ್ಯಾಲರಿಯಲ್ಲಿ ಕೂತು ಎದುರಾಳಿಯನ್ನು ಕಣ್ಣಾರೆ ನೋಡಬಹುದು. ಖರ್ಚೂ ಕಡಿಮೆ. ಆದರೆ ತವರಿನ ಬಲ ಒಂದೇ ತಂಡಕ್ಕೆ ಸಿಗುತ್ತದೆ.

ಹಾಗಾದರೆ ಮಂಗೋಲಿಯಾದ ಹುಡುಗಿಯರಿಗೆ ಏನು ಸಿಕ್ಕಿತು? ನನ್ನನ್ನು ಜಾಸ್ತಿ ಕಾಡುವುದು ಈ ಪ್ರಶ್ನೆ.

2021ರ ನವೆಂಬರ್‌ನಲ್ಲಿ ಡಾನ್‌ಕಾಸ್ಟರ್‌ನಲ್ಲಿ ಇಂಗ್ಲೆಂಡ್ ತಂಡ ಲಾಟ್ವಿಯಾವನ್ನು 20-0ರಲ್ಲಿ ಸೋಲಿಸಿತು. ಅದು 2023ರ ವಿಶ್ವಕಪ್‌ನ ಅರ್ಹತಾ ಪಂದ್ಯ. ಆ ಸುತ್ತಿನ ಹತ್ತು ಪಂದ್ಯಗಳಲ್ಲಿ ಇಂಗ್ಲೆಂಡ್ 80 ಗೋಲು ಹೊಡೆಯಿತು, ಒಂದೂ ಬಿಟ್ಟುಕೊಡಲಿಲ್ಲ. ಇದರಿಂದ ಲಾಟ್ವಿಯಾ ಕಲಿತದ್ದು ಏನೂ ಇಲ್ಲ. ತೊಂಬತ್ತು ನಿಮಿಷ ತನ್ನ ಪೆನಾಲ್ಟಿ ಬಾಕ್ಸ್‌ನಲ್ಲೇ ನಿಂತ ಡಿಫೆಂಡರ್ ಚೆಂಡನ್ನು ಮುಂದಕ್ಕೆ ಒಯ್ಯುವುದನ್ನು ಎಲ್ಲಿ ಕಲಿಯಬೇಕು? ಇಂಗ್ಲೆಂಡ್ ಕೂಡ ಕಲಿಯಲಿಲ್ಲ, ಯಾಕೆಂದರೆ ಅದರ ಗೋಲ್‌ಕೀಪರ್‌ಗೆ ಕೆಲಸವೇ ಇರಲಿಲ್ಲ.

ಯುರೋಪ್ 2023ರಲ್ಲಿ ಮಹಿಳಾ ನೇಷನ್ಸ್ ಲೀಗ್ ಶುರು ಮಾಡಿತು. ತಂಡಗಳನ್ನು ಎ, ಬಿ, ಸಿ ಎಂದು ಮೂರು ಲೀಗ್ ಮಾಡಿದರು. ಬಲ ಹೆಚ್ಚುಕಡಿಮೆ ಸಮ ಇರುವವರು ಒಂದೇ ಲೀಗ್‌ನಲ್ಲಿ ಆಡುತ್ತಾರೆ. ಗೆದ್ದರೆ ಮೇಲೆ, ಸೋತರೆ ಕೆಳಗೆ. ದೊಡ್ಡ ಟೂರ್ನಿಗಳ ಅರ್ಹತಾ ಸುತ್ತೂ ಈಗ ಇದೇ ರೀತಿ ನಡೆಯುತ್ತದೆ. ಕೆಳಗಿನ ಲೀಗ್‌ನವರಿಗೂ ಪ್ಲೇಆಫ್ ಮೂಲಕ, ಅಂದರೆ ಉಳಿದ ಜಾಗಕ್ಕಾಗಿ ಆಡುವ ಹೆಚ್ಚಿನ ಪಂದ್ಯಗಳ ಮೂಲಕ, ದಾರಿ ತೆರೆದಿದೆ. ಮಹಿಳಾ ಫುಟ್‌ಬಾಲ್‌ನಲ್ಲಿ ಇತ್ತೀಚೆಗೆ ಆದ ಒಳ್ಳೆಯ ಬದಲಾವಣೆಗಳಲ್ಲಿ ಇದನ್ನು ನಾನು ತುಂಬ ಮೇಲೆ ಇಡುತ್ತೇನೆ. ಸಣ್ಣ ತಂಡಕ್ಕೆ 1-0 ಗೆಲುವಿನ ರುಚಿ ಸಿಗಬೇಕು. 2-1ರಲ್ಲಿ ಸೋತು ಎಲ್ಲಿ ತಪ್ಪಿದೆವು ಎಂದು ಹುಡುಕಬೇಕು. ತಂಡ ಬೆಳೆಯುವುದು ಹಾಗೆ.

ಉಳಿದ ಕಡೆ ಖಂಡದ ಚಾಂಪಿಯನ್‌ಷಿಪ್ಪೇ ವಿಶ್ವಕಪ್‌ನ ಬಾಗಿಲಾಗುವುದು ಹೆಚ್ಚು. 2022ರ ಆಫ್ರಿಕಾ ಕಪ್‌ನಲ್ಲಿ ಸೆಮಿಫೈನಲ್ ತಲುಪಿದ ದಕ್ಷಿಣ ಆಫ್ರಿಕಾ, ಮೊರಾಕ್ಕೊ, ನೈಜೀರಿಯಾ, ಜಾಂಬಿಯಾ ನೇರವಾಗಿ ವಿಶ್ವಕಪ್‌ಗೆ ಹೋದವು. ಮೊರಾಕ್ಕೊ, ಜಾಂಬಿಯಾಗಳಿಗೆ ಅದು ಮೊದಲ ಸಲ. ಅದೇ ವರ್ಷ ಪುಣೆಯಲ್ಲಿ ನಡೆದ ಏಷ್ಯನ್ ಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಫಿಲಿಪೈನ್ಸ್ ತಂಡ ಚೈನೀಸ್ ತೈಪೆಯನ್ನು ಶೂಟೌಟ್‌ನಲ್ಲಿ ಸೋಲಿಸಿತು. ಗಂಡಸರ ತಂಡವಾಗಲಿ ಹೆಂಗಸರ ತಂಡವಾಗಲಿ, ಆ ದೇಶ ಫುಟ್‌ಬಾಲ್ ವಿಶ್ವಕಪ್‌ಗೆ ಹೋದದ್ದು ಅದೇ ಮೊದಲು. ನಿರ್ಣಾಯಕ ಪೆನಾಲ್ಟಿ ಹೊಡೆದ ಸರೀನಾ ಬೋಲ್ಡನ್ ಮುಂದಿನ ವರ್ಷ ವಿಶ್ವಕಪ್‌ನಲ್ಲಿ ಆತಿಥೇಯ ನ್ಯೂಜಿಲೆಂಡ್ ವಿರುದ್ಧ ಗೆಲುವಿನ ಗೋಲನ್ನೂ ಹೊಡೆದರು.

ಒಂದು ಸಂಜೆ ಕೈಕೊಟ್ಟರೆ ದೊಡ್ಡವರಿಗೂ ಕಷ್ಟವೇ. 2010ರಲ್ಲಿ ಅಮೆರಿಕ ತಂಡ ಕ್ಯಾನ್‌ಕುನ್‌ನಲ್ಲಿ ಮೆಕ್ಸಿಕೊಗೆ 2-1ರಲ್ಲಿ ಸೋತಿತು. ಆಮೇಲೆ ಇಟಲಿ ವಿರುದ್ಧ ಎರಡು ಪ್ಲೇಆಫ್ ಪಂದ್ಯ ಆಡಬೇಕಾಯಿತು. ಮೊದಲ ಪಂದ್ಯದಲ್ಲಿ ತೊಂಬತ್ತು ನಿಮಿಷ ಮುಗಿದ ಮೇಲೆ ಸಿಕ್ಕ ಇಂಜುರಿ ಟೈಮ್‌ನಲ್ಲಿ ಅಲೆಕ್ಸ್ ಮಾರ್ಗನ್ ಗೋಲು ಹೊಡೆದರು. ಎರಡನ್ನೂ 1-0ರಲ್ಲಿ ಗೆದ್ದು ಒಳಗೆ ಬಂದ ಅದೇ ತಂಡ 2011ರ ವಿಶ್ವಕಪ್ ಫೈನಲ್ ಆಡಿತು. ಅದಕ್ಕೇ ನಾನು ಎರಡನೇ ಅವಕಾಶ ಇರುವ ಪದ್ಧತಿಯ ಪರ. 2026ರ ಏಷ್ಯನ್ ಕಪ್‌ನ ನಿಯಮದಲ್ಲೂ ಅದಿದೆ. ಸೆಮಿಫೈನಲ್ ತಲುಪಿದ ನಾಲ್ವರಿಗೆ ನೇರ ಪ್ರವೇಶ. ಕ್ವಾರ್ಟರ್‌ಫೈನಲ್‌ನಲ್ಲಿ ಸೋತ ನಾಲ್ವರು ಮತ್ತೆ ಆಡಬೇಕು, ಅದರಲ್ಲಿ ಗೆದ್ದ ಇಬ್ಬರಿಗೂ ವಿಶ್ವಕಪ್ ಜಾಗ.

ಮೈದಾನಕ್ಕೆ ಇಳಿಯದೆ ಸೋತ ಪಂದ್ಯವೂ ಇದೆ. 2017ರಲ್ಲಿ ಡೆನ್ಮಾರ್ಕ್ ತಂಡ ಯುರೋ ಫೈನಲ್ ಆಡಿತು. ಅದಾದ ಕೆಲವೇ ವಾರಗಳಿಗೆ ಸಂಬಳದ ವಿಚಾರದಲ್ಲಿ ಆಟಗಾರ್ತಿಯರಿಗೂ ಫುಟ್‌ಬಾಲ್ ಸಂಸ್ಥೆಗೂ ಜಗಳವಾಗಿ ಸ್ವೀಡನ್ ವಿರುದ್ಧದ ಅರ್ಹತಾ ಪಂದ್ಯ ರದ್ದಾಯಿತು. ಪಂದ್ಯವನ್ನು 3-0 ಎಂದು ಸ್ವೀಡನ್‌ಗೆ ಕೊಟ್ಟರು. ಡೆನ್ಮಾರ್ಕ್ ಗುಂಪಿನಲ್ಲಿ ಎರಡನೆಯದಾಗಿ, ಪ್ಲೇಆಫ್‌ನಲ್ಲಿ ನೆದರ್ಲೆಂಡ್ಸ್‌ಗೆ ಸೋತು, 2019ರ ವಿಶ್ವಕಪ್ ತಪ್ಪಿಸಿಕೊಂಡಿತು. ಸಂಬಳದ ಮಾತುಕತೆ ಅರ್ಹತಾ ಸುತ್ತಿಗೆ ಮುಂಚೆ ಮುಗಿದಿರಬೇಕು ಎಂದು ನಾನು ಹೋದಲ್ಲೆಲ್ಲ ಹೇಳುವುದು ಇದನ್ನು ನೆನೆದೇ.

2027ರ ಬ್ರೆಜಿಲ್ ವಿಶ್ವಕಪ್‌ನ 32 ಜಾಗಗಳಲ್ಲಿ ಯುರೋಪ್‌ಗೆ 11, ಏಷ್ಯಾಕ್ಕೆ 6. ಓಷಿಯಾನಿಯಾಕ್ಕೆ ನೇರವಾಗಿ ಒಂದೇ. ಕೊನೆಯ ಮೂರು ಜಾಗಕ್ಕೆ ಬೇರೆ ಬೇರೆ ಖಂಡಗಳ ಹತ್ತು ತಂಡಗಳ ಪ್ಲೇಆಫ್ ಟೂರ್ನಿ. ಹಿಂದಿನ ಸಲ ಹೀಗೇ ಪೋರ್ಚುಗಲ್, ಹೈಟಿ, ಪನಾಮ ಮೊದಲ ಬಾರಿಗೆ ವಿಶ್ವಕಪ್‌ಗೆ ಬಂದವು. ಅದೇ ಪ್ಲೇಆಫ್ ಟೂರ್ನಿಗೆ ಪಪುವಾ ನ್ಯೂಗಿನಿ ಕೂಡ ಬಂದಿತ್ತು. ವಿಶ್ವಕಪ್‌ನ ಆತಿಥೇಯ ನ್ಯೂಜಿಲೆಂಡ್ ಆಡದಿದ್ದ 2022ರ ಓಷಿಯಾನಿಯಾ ಕಪ್ ಗೆದ್ದು ಬಂದ ತಂಡ ಅದು. ಪನಾಮಗೆ 2-0ರಲ್ಲಿ ಸೋತಿತು. ಒಂದು ಖಂಡದ ಚಾಂಪಿಯನ್ ತಂಡಕ್ಕೆ ಅಲ್ಲಿ ಆಡಲು ಸಿಕ್ಕ ಸಮಯ ತೊಂಬತ್ತು ನಿಮಿಷ.