ಸ್ಕ್ಯಾನಿಂಗ್‌ನಲ್ಲಿ ಕಾಣದ ಕಿಬ್ಬೊಟ್ಟೆ ನೋವು: ಶ್ರೋಣಿತಳದ ಸ್ನಾಯುಗಳನ್ನು ಕುರಿತ ಟಿಪ್ಪಣಿ

ಮಡಿಕೇರಿಯ ಹೊರರೋಗಿ ವಿಭಾಗಕ್ಕೆ ತೋಟದ ಲೈನ್ ಮನೆಗಳಿಂದ ಬರುವ ಹೆಂಗಸರು ಸಾಮಾನ್ಯವಾಗಿ ‘ಕೆಳಹೊಟ್ಟೆ ಎಳೆದ ಹಾಗಾಗುತ್ತದೆ, ಕೂತರೆ ಜಾಸ್ತಿ’ ಎನ್ನುತ್ತಾರೆ. ಸ್ಕ್ಯಾನಿಂಗ್ ವರದಿ ಸರಿಯಾಗಿದ್ದರೆ ‘ಏನೂ ತೊಂದರೆಯಿಲ್ಲ’ ಎಂದು ಕಳುಹಿಸುವ ಮೊದಲು ನಾವು ಶ್ರೋಣಿತಳದ, ಅಂದರೆ ಕಿಬ್ಬೊಟ್ಟೆಯ ಅಂಗಗಳನ್ನು ಕೆಳಗಿನಿಂದ ಹೊತ್ತಿರುವ, ಸ್ನಾಯುಗಳ ಬಗ್ಗೆ ಯೋಚಿಸಬೇಕು. ಏಕೆಂದರೆ ಬಿಗಿದುಕೊಂಡ ಸ್ನಾಯು ಅಲ್ಟ್ರಾಸೌಂಡ್‌ನ ಸಾಮಾನ್ಯ ತಪಾಸಣೆಯಲ್ಲಿ ಕಾಣುವುದಿಲ್ಲ.

ಮುಂದೆ ಪ್ಯೂಬಿಕ್ ಮೂಳೆಯಿಂದ ಹಿಂದೆ ಬಾಲದ ಮೂಳೆಯವರೆಗೆ ಹರಡಿಕೊಂಡು ಮೂತ್ರಕೋಶ, ಗರ್ಭಕೋಶ ಮತ್ತು ಗುದನಾಳಕ್ಕೆ ಆಸರೆಯಾಗಿರುವ ಮುಖ್ಯ ಸ್ನಾಯುಸಮೂಹ ಲೆವೇಟರ್ ಏನೈ. ಸೊಂಟದ ಮೂಳೆಗಳ ಒಳಗಿನ ಪಕ್ಕದ ಗೋಡೆಯಲ್ಲಿರುವ ಆಬ್ಚುರೇಟರ್ ಇಂಟರ್ನಸ್ ತೊಡೆಯನ್ನು ಹೊರಕ್ಕೆ ತಿರುಗಿಸುವ ಸ್ನಾಯುವಾದರೂ, ಅದರ ಹೊದಿಕೆಯಿಂದಲೇ ಲೆವೇಟರ್‌ನ ಒಂದು ಭಾಗ ಹುಟ್ಟುವುದರಿಂದ ಸೊಂಟದ ಕೀಲಿನ ತೊಂದರೆಯೂ ಕಿಬ್ಬೊಟ್ಟೆಯ ನೋವಾಗಿ ಕಾಣಿಸಿಕೊಳ್ಳಬಹುದು. ಈ ಸ್ನಾಯುಗಳು ಸಡಿಲಗೊಳ್ಳದೆ ಬಿಗಿದೇ ಇದ್ದಾಗ ಮೂತ್ರದ ಅವಸರ, ಮಲಬದ್ಧತೆ, ಲೈಂಗಿಕ ಸಂಪರ್ಕದ ವೇಳೆ ನೋವು ಜೊತೆಗೂಡುತ್ತವೆ. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಕಾಯಿಲೆ) ಇರುವವರಲ್ಲಿ ಮೂಲ ಕಾಯಿಲೆಗೆ ಚಿಕಿತ್ಸೆಯಾದ ಮೇಲೂ ಸ್ನಾಯುವಿನ ಬಿಗಿತ ಉಳಿಯಬಹುದು.

ಆದ್ದರಿಂದ ಕಾಯಿಲೆಯ ಹಿನ್ನೆಲೆಯನ್ನು ಕೇಳುವಾಗ ಹೆರಿಗೆ, ಶಸ್ತ್ರಚಿಕಿತ್ಸೆ, ಬಿದ್ದ ಪೆಟ್ಟುಗಳ ಜೊತೆಗೆ ದಿನಚರಿಯನ್ನೂ ಕೇಳಬೇಕು. ಕಾಫಿ ಕೊಯ್ಲಿನ ದಿನಗಳಲ್ಲಿ ಶೌಚಾಲಯವಿಲ್ಲದ ತೋಟದಲ್ಲಿ ಹೊತ್ತುಗಟ್ಟಲೆ ಮೂತ್ರ ತಡೆದುಕೊಂಡು, ಸಂಜೆ ಹಣ್ಣಿನ ಮೂಟೆಯನ್ನು ತೂಕದ ಜಾಗಕ್ಕೆ ಹೊರುವ ಹೆಂಗಸು ಕೇಳದ ಹೊರತು ಇದನ್ನು ಹೇಳುವುದಿಲ್ಲ.

ಪರೀಕ್ಷೆ ಸ್ಪೆಕ್ಯುಲಮ್‌ನಿಂದ (ಯೋನಿಯನ್ನು ಅಗಲಿಸಿ ನೋಡುವ ಉಪಕರಣ) ಆರಂಭವಾಗಬಾರದು. ಅನುಮತಿ ಪಡೆದು, ಮಹಿಳಾ ಸಹಾಯಕಿಯ ಸಮ್ಮುಖದಲ್ಲಿ, ಯೋನಿಯ ಒಳಗಿನಿಂದ ಒಂದೇ ಬೆರಳಿನಿಂದ ಎಡ ಮತ್ತು ಬಲ ಬದಿಗಳ ಸ್ನಾಯುಗಳನ್ನು ಮೆಲ್ಲಗೆ ಒತ್ತಿ, ‘ಅಕ್ಕ, ನಿಮಗೆ ದಿನಾ ಬರುವ ನೋವು ಇದೇನಾ?’ ಎಂದು ಕೇಳಬೇಕು. ಬರೀ ನೋಯುವುದಕ್ಕಿಂತ ಪರಿಚಿತ ನೋವೇ ಮರುಕಳಿಸುವುದು ಹೆಚ್ಚು ಮುಖ್ಯ. ಮಲಗಿದವರು ತಲೆಯೆತ್ತಿ ಹೊಟ್ಟೆಯನ್ನು ಬಿಗಿಹಿಡಿದಾಗ ಹೊಟ್ಟೆಯ ಮೇಲೆ ಒತ್ತಿದ ಜಾಗದ ನೋವು ಹೆಚ್ಚಾದರೆ ಅದು ಹೊಟ್ಟೆಯ ಗೋಡೆಯದ್ದೆಂದು ಶಂಕಿಸಬೇಕು. ಇದೇ ಕಾರ್ನೆಟ್ ಚಿಹ್ನೆ. ಜ್ವರ, ಮುಟ್ಟು ನಿಂತ ಮೇಲಿನ ರಕ್ತಸ್ರಾವ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ತಪಾಸಣೆಯ ದಾರಿಯೇ ಬೇರೆ.

ಚಿಕಿತ್ಸೆಯಲ್ಲಿ ನಮ್ಮಂಥ ಕಲಿಯುವವರು ಎಡವುವುದು ಶ್ರೋಣಿತಳದ ಸ್ನಾಯುಗಳನ್ನು ಬಿಗಿಸಿ ಬಿಡುವ ಕೆಗೆಲ್ ವ್ಯಾಯಾಮದಲ್ಲಿ. 1948ರಲ್ಲಿ ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ ಅದನ್ನು ಪ್ರಕಟಿಸಿದ್ದು ಹೆರಿಗೆಯ ನಂತರ ದುರ್ಬಲಗೊಂಡ ಸ್ನಾಯುಗಳಿಗಾಗಿ. ಮೊದಲೇ ಬಿಗಿದಿರುವ ಸ್ನಾಯುವನ್ನು ಮತ್ತೆ ಮತ್ತೆ ಬಿಗಿಸಿದರೆ ನೋವು ಹೆಚ್ಚಬಹುದು. ಇಲ್ಲಿ ಕಲಿಸಬೇಕಾದದ್ದು ಸಡಿಲಗೊಳಿಸುವುದನ್ನು. ಉಸಿರೆಳೆದಾಗ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಕೆಳಗಿಳಿಯುತ್ತದೆ, ಅದರೊಂದಿಗೆ ಶ್ರೋಣಿತಳವೂ ಕೆಳಗಿಳಿದು ಸಡಿಲವಾಗುತ್ತದೆ. ಹೊಟ್ಟೆಯ ಮೇಲೆ ಕೈಯಿಟ್ಟು ನಿಧಾನವಾಗಿ ಉಸಿರಾಡುವ ಅಭ್ಯಾಸ ಅದಕ್ಕಾಗಿಯೇ. ತರಬೇತಿ ಪಡೆದ ಫಿಸಿಯೊಥೆರಪಿಸ್ಟ್ ಕೈಯಿಂದ ನೀಡುವ ಚಿಕಿತ್ಸೆ, ಬಿಸಿ ಶಾಖ, ಮಲಬದ್ಧತೆಯ ನಿವಾರಣೆ ಇದರ ಜೊತೆಗೆ ಸಾಗಬೇಕು. ಇಷ್ಟರಿಂದ ಗುಣ ಕಾಣದಿದ್ದರೆ ನೋವಿನ ಬಿಂದುಗಳಿಗೆ ಸ್ಥಳೀಯ ಅರಿವಳಿಕೆಯ ಇಂಜೆಕ್ಷನ್ ಕೊಡುವುದುಂಟು. ಸ್ನಾಯುವನ್ನು ತಾತ್ಕಾಲಿಕವಾಗಿ ಸಡಿಲಿಸುವ ಬೊಟುಲಿನಮ್ ಟಾಕ್ಸಿನ್ ಇಂಜೆಕ್ಷನ್ ಬಗ್ಗೆ ಅಧ್ಯಯನಗಳ ಫಲಿತಾಂಶ ಒಂದೇ ತೆರನಾಗಿಲ್ಲವಾದ್ದರಿಂದ ಅದನ್ನು ಮೊದಲ ಆಯ್ಕೆಯಾಗಿ ಬರೆಯುವಂತಿಲ್ಲ.