ಲ್ಯಾಂಡ್ ರೋವರ್ ಗಟ್ಟಿ ಗಾಡಿ ಅಂತಾರೆ, ಮತ್ತೆ ಯಾಕೆ ಯಾವಾಗಲೂ ಗ್ಯಾರೇಜಿನಲ್ಲೇ ಇರುತ್ತೆ?

ಪ್ರಶ್ನೆ: ಲ್ಯಾಂಡ್ ರೋವರ್ ಬಗ್ಗೆ ಎರಡು ಥರದ ಮಾತು ಕೇಳುತ್ತೇನೆ. ಮರುಭೂಮಿ, ಕಾಡು, ಹೊಳೆ ಎಲ್ಲ ದಾಟೋ ಗಾಡಿ ಅಂತ ಒಬ್ಬರು. ಅದಕ್ಕೆ ಗ್ಯಾರೇಜೇ ಮನೆ ಅಂತ ಇನ್ನೊಬ್ಬರು. ಯಾರನ್ನು ನಂಬಬೇಕು?

ಇಬ್ಬರನ್ನೂ ನಂಬಿ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಗೊಂದಲ ಇರುವುದು 'ಗಟ್ಟಿ' ಅನ್ನುವ ಪದದಲ್ಲಿ. ಬಂಡೆ ಹತ್ತಿಸಿದರೂ ಚಾಸಿ, ಅಂದರೆ ಗಾಡಿಯ ಕೆಳಗಿನ ಚೌಕಟ್ಟು, ಬಾಗದಿರುವುದು ಒಂದು ಗುಣ. ಹತ್ತು ವರ್ಷ ದಿನಾ ಬೆಳಿಗ್ಗೆ ಕಿರಿಕಿರಿ ಇಲ್ಲದೆ ಸ್ಟಾರ್ಟ್ ಆಗುವುದು ಬೇರೆಯದೇ ಗುಣ. ನಾವು ಎರಡನ್ನೂ ಒಂದೇ ಪದದಲ್ಲಿ ಹೇಳಿಬಿಡುತ್ತೇವೆ. ಲ್ಯಾಂಡ್ ರೋವರ್‌ಗೆ ಮೊದಲನೆಯದು ಹುಟ್ಟುಗುಣ. ಎರಡನೆಯದು ಅದಕ್ಕೆ ಯಾವತ್ತೂ ಪೂರ್ತಿ ಒಲಿಯಲಿಲ್ಲ. ಹಳೇ ಕಾಲದಲ್ಲೂ ಅಷ್ಟೇ.

ಶುರುವಿನಿಂದ ನೋಡೋಣ. 1947ರಲ್ಲಿ ರೋವರ್ ಕಂಪನಿಯ ಮುಖ್ಯ ಎಂಜಿನಿಯರ್ ಆಗಿದ್ದವರು ಮಾರಿಸ್ ವಿಲ್ಕ್ಸ್. ವೇಲ್ಸ್‌ನ ಆಂಗಲ್ಸಿ ದ್ವೀಪದಲ್ಲಿ ಅವರಿಗೊಂದು ಜಮೀನಿತ್ತು. ಅಲ್ಲಿ ಓಡಾಡಲು ಯುದ್ಧ ಮುಗಿದ ಮೇಲೆ ಮಿಲಿಟರಿಯಿಂದ ಬಂದ ಹಳೆಯ ವಿಲ್ಲಿಸ್ ಜೀಪ್ ಇಟ್ಟುಕೊಂಡಿದ್ದರು. ಅದು ಸವೆದು ಹೋದರೆ ಬದಲಿಗೆ ತರಲು ಬ್ರಿಟನ್ನಿನಲ್ಲಿ ಅಂಥ ಗಾಡಿಯೇ ಇರಲಿಲ್ಲ. ಹಾಗಾದರೆ ನಾವೇ ಯಾಕೆ ಮಾಡಬಾರದು ಅಂತ ರೆಡ್ ವಾರ್ಫ್ ಬೇ ಕಡಲ ದಂಡೆಯ ಮರಳಿನಲ್ಲೇ ಗೀಚಿ, ಕಂಪನಿ ನಡೆಸುತ್ತಿದ್ದ ಅಣ್ಣ ಸ್ಪೆನ್ಸರ್ ವಿಲ್ಕ್ಸ್‌ಗೆ ತೋರಿಸಿದರು ಅನ್ನುವುದು ಪ್ರಸಿದ್ಧ ಕಥೆ. ಮೊದಲ ಮಾದರಿ ತಯಾರಾಗಿದ್ದು ಜೀಪಿನ ಚಾಸಿ ಮೇಲೆಯೇ. ಸ್ಟೀರಿಂಗ್ ಟ್ರ್ಯಾಕ್ಟರ್ ಥರ ನಟ್ಟ ನಡುವೆ ಇತ್ತು!

1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡ್ಯಾಮ್ ಮೋಟಾರ್ ಪ್ರದರ್ಶನದಲ್ಲಿ ಗಾಡಿ ಹೊರಬಂತು. ಬೆಲೆ 450 ಪೌಂಡ್. ಅದು ಬರೀ ಎರಡು ಮೂರು ವರ್ಷದ ಮಟ್ಟಿಗೆ, ಕಾರಿನ ವ್ಯಾಪಾರ ಮತ್ತೆ ಕುದುರುವವರೆಗೆ ಹೊಟ್ಟೆಪಾಡಿಗೆ ಅಂತ ಮಾಡಿದ ಗಾಡಿ. ಅದೇ ಮುಂದೆ ರೋವರ್ ಕಾರುಗಳನ್ನೆಲ್ಲ ಮೀರಿ ಬದುಕಿತು.

ಇಲ್ಲೇ ಮೊದಲ ದೂರಿನ ಬೀಜವೂ ಬಿತ್ತು. ಯುದ್ಧದ ನಂತರ ಬ್ರಿಟನ್ನಿನಲ್ಲಿ ಉಕ್ಕಿಗೆ ರೇಷನ್. ವಿಮಾನಕ್ಕೆ ಬಳಸುತ್ತಿದ್ದ ಅಲ್ಯೂಮಿನಿಯಂ ಮಾತ್ರ ಸಿಗುತ್ತಿತ್ತು. ಹಾಗಾಗಿ ಗಾಡಿಯ ಹೊರಮೈಗೆ ಬರ್ಮಾಬ್ರೈಟ್ ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹ, ಕೆಳಗಿನ ಚಾಸಿಗೆ ಉಕ್ಕಿನ ಪಟ್ಟಿಗಳನ್ನು ವೆಲ್ಡ್ ಮಾಡಿದ ಪೆಟ್ಟಿಗೆ. ಹೊರಮೈಗೆ ತುಕ್ಕು ಹಿಡಿಯುವುದಿಲ್ಲ ಅಂತ ಜನ ಮೆಚ್ಚಿಕೊಂಡರು. ಆದರೆ ಎರಡು ಬೇರೆ ಬೇರೆ ಲೋಹ ಒಂದಕ್ಕೊಂದು ತಾಗಿಕೊಂಡು, ನಡುವೆ ಉಪ್ಪು ನೀರು ಸೇರಿದರೆ ಅದೊಂದು ಸಣ್ಣ ಬ್ಯಾಟರಿ ಆಗುತ್ತದೆ. ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರತೊಡಗುತ್ತದೆ. ಬ್ರಿಟನ್ನಿನಲ್ಲಿ ಚಳಿಗಾಲದಲ್ಲಿ ಮಂಜುಗಡ್ಡೆ ಕರಗಿಸಲು ರಸ್ತೆಗೆ ಉಪ್ಪು ಹಾಕುತ್ತಾರೆ. ಚಾಸಿಯ ಒಳಗೆ ಕೆಸರು, ಉಪ್ಪು ಸೇರಿಕೊಂಡು ಒಳಗಿನಿಂದಲೇ ಕೊರೆಯುತ್ತದೆ. ಮೇಲಿಂದ ನೋಡಿದರೆ ಗಾಡಿ ಫಳಫಳ, ಕೆಳಗೆ ಬಗ್ಗಿ ನೋಡಿದರೆ ಚಾಸಿಯ ಹಿಂದಿನ ಅಡ್ಡಪಟ್ಟಿ (ಕ್ರಾಸ್ ಮೆಂಬರ್) ಬಿಸ್ಕತ್ತಿನ ಹಾಗೆ ಪುಡಿ. ಹಳೆಯ ಲ್ಯಾಂಡ್ ರೋವರ್ ಇಟ್ಟವರನ್ನು ಕೇಳಿ ನೋಡಿ, ಚಾಸಿ ಬದಲಾಯಿಸಿದ ಕಥೆ ಎಷ್ಟೋ ಜನ ಹೇಳುತ್ತಾರೆ.

ಇನ್ನೊಂದು ದೂರು ಹಾಫ್ ಶಾಫ್ಟಿನದು. ಹಿಂದಿನ ಆಕ್ಸಲ್ ಒಳಗಿದ್ದು ಚಕ್ರ ತಿರುಗಿಸುವ ಕಂಬಿ ಅದು. 'ಸೀರೀಸ್' ಅಂತ ಕರೆಯುವ ಮೊದಲ ಕಾಲದ ಲ್ಯಾಂಡ್ ರೋವರ್‌ಗಳಲ್ಲಿ ಅದು ಮುರಿಯುವುದು ಮಾಮೂಲಿ ಸಂಗತಿ. ಎಷ್ಟು ಮಾಮೂಲಿ ಅಂದರೆ, ದೂರ ಹೋಗುವವರು ಸ್ಟೆಪ್ನಿ ಜೊತೆ ಒಂದು ಹಾಫ್ ಶಾಫ್ಟನ್ನೂ ಹೇರಿಕೊಳ್ಳುತ್ತಿದ್ದರು. ಮುರಿದರೆ ದಾರಿ ಬದಿಯಲ್ಲೇ ಬೋಲ್ಟ್ ಬಿಚ್ಚಿ, ಹಳೆಯದನ್ನು ಎಳೆದು, ಹೊಸದನ್ನು ತೂರಿಸಿ ಹೊರಡುವುದು. ಕೈ ಕಪ್ಪಾಗುತ್ತಿತ್ತು, ಪ್ರಯಾಣ ನಿಲ್ಲುತ್ತಿರಲಿಲ್ಲ.

ನನ್ನ ಪ್ರಕಾರ ಇಡೀ ಕಥೆಯ ಕೀಲಿ ಇರುವುದು ಇಲ್ಲೇ. 1955ರಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿದ್ಯಾರ್ಥಿಗಳ ತಂಡ ಎರಡು ಲ್ಯಾಂಡ್ ರೋವರ್ ಹಿಡಿದು ಲಂಡನ್ನಿನಿಂದ ಹೊರಟು ಮರುವರ್ಷ ಸಿಂಗಪುರ ತಲುಪಿತು. ಇಂಥ ಪ್ರಯಾಣಗಳಿಂದಲೇ 'ಎಲ್ಲಿಗೆ ಬೇಕಾದರೂ ಹೋಗುತ್ತೆ' ಅನ್ನುವ ಹೆಸರು ಬಂದಿದ್ದು. ಆ ಹೆಸರು ನ್ಯಾಯವಾದದ್ದೇ. ಆದರೆ ಅದು ಕೆಡದ ಗಾಡಿಗೆ ಸಿಕ್ಕ ಹೆಸರಲ್ಲ, ಕೆಟ್ಟರೂ ನಿಂತಲ್ಲೇ ರಿಪೇರಿ ಆಗುವ ಗಾಡಿಗೆ ಸಿಕ್ಕ ಹೆಸರು. ಇದುವರೆಗೆ ತಯಾರಾದ ಲ್ಯಾಂಡ್ ರೋವರ್‌ಗಳಲ್ಲಿ ಬಹುಪಾಲು ಇನ್ನೂ ಓಡುತ್ತಿವೆ ಅಂತ ಅಭಿಮಾನಿಗಳು ಹೇಳುತ್ತಾರಲ್ವಾ? ಅದಕ್ಕೂ ಇದೇ ಕಾರಣ. ಬಾಡಿಯ ಒಂದೊಂದು ತುಂಡನ್ನೂ ಬಿಚ್ಚಬಹುದು, ಬಿಡಿಭಾಗ ಸಿಗುತ್ತವೆ, ಬಿಟ್ಟುಕೊಡಲು ಮಾಲೀಕನಿಗೆ ಮನಸ್ಸಿಲ್ಲ.

ಕೆಡದ ಗಾಡಿ ಎದುರಿಗೆ ಬಂದಾಗಲೇ ವ್ಯತ್ಯಾಸ ಗೊತ್ತಾಗಿದ್ದು. ಆಸ್ಟ್ರೇಲಿಯಾದಲ್ಲಿ ಸ್ನೋಯಿ ಮೌಂಟನ್ಸ್ ಜಲವಿದ್ಯುತ್ ಯೋಜನೆ ನಡೆಯುತ್ತಿತ್ತು. ಮೊದಲು ಅಲ್ಲಿ ಲ್ಯಾಂಡ್ ರೋವರ್‌ಗಳದ್ದೇ ಓಡಾಟ. 1950ರ ದಶಕದ ಕೊನೆಯಲ್ಲಿ ಗುತ್ತಿಗೆದಾರ ಲೆಸ್ಲಿ ಥೀಸ್ ಅಲ್ಲಿಗೆ ಟೊಯೋಟಾ ಲ್ಯಾಂಡ್ ಕ್ರೂಸರ್ ತರಿಸಿದರು. ಮುಂದೆ ಆಸ್ಟ್ರೇಲಿಯಾ, ಆಫ್ರಿಕಾ ಎರಡೂ ಕಡೆ ಲ್ಯಾಂಡ್ ಕ್ರೂಸರ್ ಜಾಗ ಹಿಡಿಯಿತು. 'ಒಳನಾಡಿಗೆ ಹೋಗಬೇಕಾದರೆ ಲ್ಯಾಂಡ್ ರೋವರ್ ತಗೊಳ್ಳಿ, ವಾಪಸ್ಸೂ ಬರಬೇಕಾದರೆ ಲ್ಯಾಂಡ್ ಕ್ರೂಸರ್ ತಗೊಳ್ಳಿ' ಅನ್ನುವ ಆಸ್ಟ್ರೇಲಿಯಾದ ಹಾಸ್ಯ ಇವತ್ತಿಗೂ ಓಡುತ್ತದೆ.

ಕಂಪನಿ ಆಗಲೇ ಎಚ್ಚೆತ್ತುಕೊಳ್ಳಬಹುದಿತ್ತು. ಆದರೆ ಮನೆ ಒಳಗಿನ ಪರಿಸ್ಥಿತಿ ಬೇರೆ ಇತ್ತು. 1968ರಲ್ಲಿ ರೋವರ್, ಬ್ರಿಟಿಷ್ ಲೇಲ್ಯಾಂಡ್ ಅನ್ನುವ ದೊಡ್ಡ ಕೂಡುಕುಟುಂಬದ ಪಾಲಾಯಿತು. ದುಡಿಯುವ ಮಗನ ಸಂಬಳದಲ್ಲಿ ಮನೆಯವರ ಸಾಲ ತೀರಿಸಿದ ಹಾಗೆ, ಲ್ಯಾಂಡ್ ರೋವರ್ ತಂದ ಲಾಭ ಅದರ ಸುಧಾರಣೆಗೆ ಬೇಕಾದಷ್ಟು ಉಳಿಯಲಿಲ್ಲ. 1975ರಲ್ಲಿ ಆ ಕುಟುಂಬವೇ ಮುಳುಗುವ ಹಂತಕ್ಕೆ ಬಂದು ಸರ್ಕಾರದ ಕೈ ಸೇರಿತು. ನಂತರ 1988ರಲ್ಲಿ ಬ್ರಿಟಿಷ್ ಏರೋಸ್ಪೇಸ್, 1994ರಲ್ಲಿ ಬಿಎಂಡಬ್ಲ್ಯು, 2000ದಲ್ಲಿ ಫೋರ್ಡ್, 2008ರಲ್ಲಿ ಟಾಟಾ. ಫೋರ್ಡ್‌ನಿಂದ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಎರಡನ್ನೂ ಸೇರಿಸಿ ಟಾಟಾ ಕೊಂಡಿದ್ದು 230 ಕೋಟಿ ಡಾಲರಿಗೆ.

ಮಾಲೀಕರು ಬದಲಾದರೆ ಗಾಡಿಗೇನು ತೊಂದರೆ ಅನ್ನಬಹುದು. ತೊಂದರೆ ಇದೆ. ಲ್ಯಾಂಡ್ ರೋವರ್‌ನದೇ ದುಬಾರಿ ಮಾದರಿಯಾದ ರೇಂಜ್ ರೋವರ್‌ನ ಮೂರನೇ ತಲೆಮಾರನ್ನು ನೋಡಿ. ಬಿಎಂಡಬ್ಲ್ಯು ಕಾಲದಲ್ಲಿ, ಬಿಎಂಡಬ್ಲ್ಯು ಎಂಜಿನ್ ಇಟ್ಟುಕೊಂಡು ವಿನ್ಯಾಸ ಆಗಿದ್ದು. ಮಾರಾಟಕ್ಕೆ ಬರುವಷ್ಟರಲ್ಲಿ ಮಾಲೀಕ ಫೋರ್ಡ್. ಆಮೇಲೆ ಅದೇ ಗಾಡಿಗೆ ಜಾಗ್ವಾರ್ ಎಂಜಿನ್. ಒಂದು ಎಂಜಿನ್ನಿನ ಸಣ್ಣಪುಟ್ಟ ದೋಷವೆಲ್ಲ ವರ್ಷಗಟ್ಟಲೆ ಸೋಸಿ ಸರಿಯಾಗುವ ಹೊತ್ತಿಗೆ ಇನ್ನೊಂದು ಬಂದಿರುತ್ತದೆ. ಟೊಯೋಟಾ ಒಂದೇ ಎಂಜಿನ್ನನ್ನು ವರ್ಷಾನುಗಟ್ಟಲೆ ತಿದ್ದುತ್ತಾ ಕೂರುತ್ತದೆ. ಬೇಜಾರಿನ ಕೆಲಸ, ಆದರೆ ಗಾಡಿ ಕೆಡದಿರುವ ಗುಟ್ಟೂ ಅದೇ.

ಇನ್ನು 1970ರಲ್ಲಿ ಬಂದ ಮೊದಲ ರೇಂಜ್ ರೋವರ್. ಎಂಜಿನಿಯರ್ ಸ್ಪೆನ್ ಕಿಂಗ್ ತಂಡ ಮಾಡಿದ ಈ ಗಾಡಿಗೆ ಕಾಯಿಲ್ ಸ್ಪ್ರಿಂಗ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ವಿ8 ಎಂಜಿನ್ ಇತ್ತು. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲೂ ವಿನ್ಯಾಸದ ಮಾದರಿಯಾಗಿ ಇಟ್ಟಿದ್ದರು. ಮೊದಮೊದಲು ಒಳಗೆ ಪೈಪು ಹಿಡಿದು ತೊಳೆಯಬಹುದಾದ ನೆಲ. ಆಮೇಲೆ ಲೆದರ್ ಬಂತು, ಮರದ ಅಲಂಕಾರ ಬಂತು, 1990ರ ದಶಕದಲ್ಲಿ ಏರ್ ಸಸ್ಪೆನ್ಷನ್ ಬಂತು. ಅಲ್ಲಿಂದ ದೂರುಗಳ ಜಾತಿಯೇ ಬದಲಾಯಿತು.

ಏರ್ ಸಸ್ಪೆನ್ಷನ್ ಅಂದರೆ ಸ್ಪ್ರಿಂಗ್ ಜಾಗದಲ್ಲಿ ಗಾಳಿ ತುಂಬಿದ ರಬ್ಬರ್ ಚೀಲ. ಗಾಡಿ ಎತ್ತಬಹುದು, ಇಳಿಸಬಹುದು. ಕೂತವರಿಗೆ ಮೋಡದ ಮೇಲೆ ಹೋದ ಹಾಗೆ. ಆದರೆ ರಬ್ಬರಿಗೆ ವಯಸ್ಸಾದರೆ ಸಣ್ಣ ಬಿರುಕು ಬಿಡುತ್ತದೆ. ಗಾಳಿ ಸ್ವಲ್ಪ ಸ್ವಲ್ಪವೇ ಸೋರುತ್ತದೆ. ಸೋರಿದ್ದನ್ನು ತುಂಬಲು ಕಂಪ್ರೆಸರ್ ಮತ್ತೆ ಮತ್ತೆ ಓಡುತ್ತದೆ. ಓಡಿ ಓಡಿ ಅದೂ ಸುಟ್ಟು ಹೋಗುತ್ತದೆ. ಮಾಲೀಕನಿಗೆ ಕಾಣುವುದು ಕಂಪ್ರೆಸರ್ ಬಿಲ್. ಅದೊಂದನ್ನೇ ಬದಲಾಯಿಸಿ ಚೀಲವನ್ನು ಹಾಗೇ ಬಿಟ್ಟರೆ ಹೊಸ ಕಂಪ್ರೆಸರಿಗೂ ಅದೇ ಗತಿ. 'ಒಂದೇ ರಿಪೇರಿ ಎರಡು ಸಲ ಮಾಡಿಸಿದೆ' ಅನ್ನುವ ಗೋಳು ಎಷ್ಟೋ ಸಲ ಹೀಗೇ ಹುಟ್ಟುತ್ತದೆ.

1997ರಲ್ಲಿ ಬಂದ ಲ್ಯಾಂಡ್ ರೋವರ್‌ನ ಚಿಕ್ಕ ಮಾದರಿ ಫ್ರೀಲ್ಯಾಂಡರ್ ಬಗ್ಗೆ ಹೇಳದಿದ್ದರೆ ಉತ್ತರ ಪೂರ್ತಿ ಆಗುವುದಿಲ್ಲ. ಅದರ 1.8 ಲೀಟರ್ ಪೆಟ್ರೋಲ್ ಎಂಜಿನ್, ರೋವರ್‌ನ ಕೆ-ಸೀರೀಸ್, ಹೆಡ್ ಗ್ಯಾಸ್ಕೆಟ್ ಹೋಗುವುದಕ್ಕೇ ಪ್ರಸಿದ್ಧ. ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ ಕೆಳಗೆ ಏನೂ ಸೋರದ ಹಾಗೆ ಕೂರಿಸುವ ತೆಳು ಹಾಳೆ ಅದು. ಹಗುರ, ಜಾಣ ಎಂಜಿನ್. ಒಳಗೆ ಕೂಲಂಟ್ ಕಡಿಮೆ. ಸ್ವಲ್ಪ ಸೋರಿದರೂ ಬೇಗ ಕಾಯುತ್ತದೆ. ಸಿಲಿಂಡರ್ ಹೆಡ್ಡನ್ನು ಜಾಗದಲ್ಲಿ ಕೂರಿಸುವ ಸಣ್ಣ ಪಿನ್ನುಗಳನ್ನು ಒಂದು ಹಂತದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಮಾಡಿದ್ದರು. ಬಿಸಿಯಾಗಿ, ತಣ್ಣಗಾಗಿ, ಹೆಡ್ ಕೂದಲೆಳೆಯಷ್ಟು ಸರಿದಾಡಿ ಗ್ಯಾಸ್ಕೆಟ್ ಸವೆಯುತ್ತಿತ್ತು. ಆಮೇಲೆ ಉಕ್ಕಿನ ಪಿನ್, ಪದರ ಪದರವಾದ ಉಕ್ಕಿನ ಗ್ಯಾಸ್ಕೆಟ್ ಬಂದವು. ಆದರೆ ಹೆಸರು ಆಗಲೇ ಕೆಟ್ಟಿತ್ತು.

ಅದೇ ಗಾಡಿಯಲ್ಲಿ ವಿಸ್ಕಸ್ ಕಪ್ಲಿಂಗ್ ಅಂತ ಒಂದು ಡಬ್ಬಿ ಇದೆ. ಒಳಗೆ ಸಿಲಿಕೋನ್ ದ್ರವ. ಮುಂದಿನ, ಹಿಂದಿನ ಚಕ್ರಗಳ ವೇಗ ಬೇರೆಯಾದಾಗ ಅದು ಗಟ್ಟಿಯಾಗಿ ಹಿಂದಕ್ಕೂ ಶಕ್ತಿ ಕಳಿಸುತ್ತದೆ. ವಯಸ್ಸಾದಂತೆ ಯಾವಾಗಲೂ ಬಿಗಿಯಾಗೇ ಇರತೊಡಗುತ್ತದೆ. ಆ ಒತ್ತಡ ಗೇರ್‌ಬಾಕ್ಸ್ ಪಕ್ಕದ ದುಬಾರಿ ಘಟಕವನ್ನು ಮುರಿಯುತ್ತದೆ. ಮಜಾ ಏನೆಂದರೆ, ಮುಂದೆ ಹೊಸ ಟೈರ್, ಹಿಂದೆ ಸವೆದ ಟೈರ್ ಹಾಕಿದರೂ ಈ ತೊಂದರೆ ಬೇಗ ಬರುತ್ತದೆ. ಚಕ್ರದ ಅಳತೆ ಬೇರೆಯಾದರೆ ಆ ಡಬ್ಬಿಗೆ ಜಾರಿದ ಹಾಗೇ ಅನಿಸುತ್ತದಲ್ಲ! ಎರಡು ಟೈರಿನ ದುಡ್ಡು ಉಳಿಸಲು ಹೋಗಿ ಗೇರ್‌ಬಾಕ್ಸ್ ಮಟ್ಟದ ಬಿಲ್ ಕಟ್ಟಿದವರು ಕಂಪನಿಯನ್ನು ಬೈಯುತ್ತಾರೆ. ಬೈಯುವುದರಲ್ಲಿ ಅರ್ಧ ನ್ಯಾಯ ಇದೆ.

ಲ್ಯಾಂಡ್ ರೋವರ್‌ನ ಇನ್ನೊಂದು ಮಾದರಿ ಡಿಸ್ಕವರಿ 3, 4ರ ವಿ6 ಡೀಸೆಲ್ ಎಂಜಿನ್‌ಗಳಲ್ಲಿ ಬೇರಿಂಗ್ ಹೋಗಿ ಎಂಜಿನ್ ಒಳಗೆ ತಿರುಗುವ ಮುಖ್ಯ ಕಂಬಿಯಾದ ಕ್ರ್ಯಾಂಕ್‌ಶಾಫ್ಟೇ ತುಂಡಾದ ದೂರುಗಳಿವೆ. ಅದು ರಿಪೇರಿಯ ಮಾತಲ್ಲ, ಎಂಜಿನ್ ಬದಲಾವಣೆಯ ಮಾತು. ಟಾಟಾ ಬಂದ ಮೇಲೆ ದುಡ್ಡು ಬಂತು, 2011ರಲ್ಲಿ ಇವೋಕ್ ಅನ್ನುವ ಹೊಸ ಮಾದರಿ ಬಂತು, ವಾಲ್ವರ್‌ಹ್ಯಾಂಪ್ಟನ್ನಿನಲ್ಲಿ ಸ್ವಂತ ಎಂಜಿನ್ ಫ್ಯಾಕ್ಟರಿಯೂ ಬಂತು. ಅಲ್ಲಿ ತಯಾರಾದ ಇಂಜೀನಿಯಂ ಡೀಸೆಲ್‌ಗೂ ದೂರು ತಪ್ಪಲಿಲ್ಲ. ಊರೊಳಗೇ ಸುತ್ತಾಡುವ ಗಾಡಿಯ ಹೊಗೆ ಫಿಲ್ಟರ್ ಮಸಿಯಿಂದ ಕಟ್ಟಿಕೊಳ್ಳುತ್ತದೆ. ಅದನ್ನು ಸುಡಲು ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಅದರಲ್ಲಿ ಸ್ವಲ್ಪ ಕೆಳಗಿಳಿದು ಎಂಜಿನ್ ಆಯಿಲ್ ಜೊತೆ ಬೆರೆತು ಆಯಿಲ್ ತೆಳ್ಳಗಾಗುತ್ತದೆ. ತೆಳ್ಳಗಿನ ಆಯಿಲ್ಲಿನಲ್ಲಿ, ಎಂಜಿನ್ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಟೈಮಿಂಗ್ ಚೈನ್ ಬೇಗ ಸವೆಯುತ್ತದೆ. ಆ ಚೈನೋ, ಎಂಜಿನ್ನಿನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕಡೆ ಇದೆ. ಬಿಚ್ಚುವ ಕೂಲಿಯೇ ಜಾಸ್ತಿ. ದಾರಿ ಬದಿಯಲ್ಲಿ ಹಾಫ್ ಶಾಫ್ಟ್ ಬದಲಾಯಿಸಿದ ಕಾಲ ಎಲ್ಲಿ, ಇದೆಲ್ಲಿ?

ಸಮೀಕ್ಷೆಗಳ ಬಗ್ಗೆಯೂ ಒಂದು ಮಾತು. ಅಮೆರಿಕದ ಜೆ.ಡಿ. ಪವರ್ ಸಂಸ್ಥೆ ಮೂರು ವರ್ಷ ಹಳೆಯ ಕಾರುಗಳ ಮಾಲೀಕರನ್ನು ಕೇಳಿ ಪಟ್ಟಿ ಮಾಡುತ್ತದೆ. 2020ರ ಪಟ್ಟಿಯಲ್ಲಿ ಲ್ಯಾಂಡ್ ರೋವರ್ ಕೊನೆಯದು. ಸರಾಸರಿ 100 ಕಾರಿಗೆ 134 ತೊಂದರೆ ಇದ್ದರೆ, ಇದಕ್ಕೆ 220. ಕೇಳಲು ಭಯಂಕರ. ಆದರೆ ಆ ಲೆಕ್ಕದಲ್ಲಿ ಫೋನ್ ಬ್ಲೂಟೂತ್‌ಗೆ ಕನೆಕ್ಟ್ ಆಗದಿದ್ದರೂ ಒಂದು ತೊಂದರೆ, ಎಂಜಿನ್ ನಿಂತರೂ ಒಂದು ತೊಂದರೆ. ದುಬಾರಿ ಗಾಡಿಯಲ್ಲಿ ಕೆಡಬಹುದಾದ ಎಲೆಕ್ಟ್ರಾನಿಕ್ ವಸ್ತುಗಳೇ ಜಾಸ್ತಿ. ಹಾಗಂತ ಪೂರ್ತಿ ವಿನಾಯಿತಿ ಕೊಡಲೂ ಆಗದು. ಅದೇ ಪಟ್ಟಿಯ ಮೇಲುಗಡೆ ಲೆಕ್ಸಸ್ ಇದೆ. ಅದೇನು ಅಗ್ಗದ ಗಾಡಿಯಾ?

ಹಳೆಯದೊಂದನ್ನು ಕೊಳ್ಳುವ ಆಸೆ ನಿಮಗಿದ್ದರೆ ಮೊದಲು ಸರ್ವಿಸ್ ದಾಖಲೆ ಕೇಳಿ. ಕಂಪನಿ ಹೇಳಿದ್ದಕ್ಕಿಂತ ಮೊದಲೇ ಆಯಿಲ್ ಬದಲಾಯಿಸಿದ ಗಾಡಿ ಸಿಕ್ಕರೆ ಒಳ್ಳೆಯದು. ನಾಲ್ಕೂ ಟೈರ್ ಒಂದೇ ಬ್ರ್ಯಾಂಡಾ, ಸವೆತ ಒಂದೇ ಥರ ಇದೆಯಾ ನೋಡಿ. ಗಾಡಿ ಕೆಳಗೆ ಟಾರ್ಚ್ ಹಿಡಿದು ಮಲಗಿ, ಬಟ್ಟೆ ಕೊಳೆಯಾದರೂ ಪರವಾಗಿಲ್ಲ. ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ನಿಮ್ಮೆದುರು ಸ್ಟಾರ್ಟ್ ಮಾಡಿಸಿ. ಮೊದಲ ಕೆಲವು ಸೆಕೆಂಡು ಚೈನ್ ಗಲಗಲ ಅಂದರೆ ಅಲ್ಲಿಂದಲೇ ಎದ್ದು ಬನ್ನಿ. ಏರ್ ಸಸ್ಪೆನ್ಷನ್ ಇರುವ ಗಾಡಿಯಾದರೆ ಒಂದು ರಾತ್ರಿ ಸಮತಟ್ಟು ಜಾಗದಲ್ಲಿ ನಿಲ್ಲಿಸಲು ಹೇಳಿ, ಬೆಳಿಗ್ಗೆ ಹೋಗಿ ನೋಡಿ. ನಾಲ್ಕೂ ಕಡೆ ಒಂದೇ ಸಮನೆ ಚೂರು ಇಳಿದಿದ್ದರೆ ಚಿಂತೆಯಿಲ್ಲ. ಒಂದು ಮೂಲೆ ಮಾತ್ರ ಮಂಡಿಯೂರಿ ಕೂತಿದ್ದರೆ ಚೀಲ ಮತ್ತು ಕಂಪ್ರೆಸರ್ ಎರಡರ ದುಡ್ಡನ್ನೂ ಬೆಲೆಯಲ್ಲಿ ಇಳಿಸಿಕೊಂಡೇ ಮಾತಾಡಿ.