ಮೊದಲು ತೂತು ನೋಡಿ

ಗೆಳೆಯರೊಬ್ಬರು ಕಡಲತೀರದಲ್ಲಿ ಸಿಕ್ಕ ಕಲ್ಲೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಹಿಡಿಗಾತ್ರದ ಬೂದುಕಲ್ಲು. ನಡುವೆ ಕಿರುಬೆರಳು ಹೋಗುವಷ್ಟು ತೂತು. "ಹಳೇ ಕಾಲದಲ್ಲಿ ಮೀನಿನ ಬಲೆ ಮುಳುಗಲಿ ಅಂತ ಕಟ್ತಿದ್ದ ಗುಂಡು ಇದು. ಎರಡು ಸಾವಿರ ವರ್ಷ ಆದ್ರೂ ಆಗಿರಬೇಕು, ಅಲ್ವಾ?" ಎಂದರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಏನೋ ಕಟಕಟ ಅಂತು. ತಿರುಗಿಸಿ ನೋಡಿದರೆ ಪಕ್ಕದಲ್ಲೇ ಇನ್ನೊಂದು ತೂತು. ಅದು ಅರ್ಧಕ್ಕೆ ನಿಂತಿತ್ತು. ಟಾರ್ಚ್ ಬಿಟ್ಟೆ. ಬಾಯಿ ಕಿರಿದು, ಒಳಗೆ ಹೋದಂತೆಲ್ಲ ಅಗಲ. ಅಡಿಯಲ್ಲಿ ಬಿಳೀ ಚಿಪ್ಪಿನ ಚೂರು. ಗೆಳೆಯರ ಎರಡು ಸಾವಿರ ವರ್ಷ ಅಲ್ಲಿಗೆ ಮುಗಿಯಿತು.

ಕೊರೆದದ್ದು ಮನುಷ್ಯನಲ್ಲ, ಪಿಡಕ್ ಎಂಬ ಚಿಪ್ಪಿನ ಜೀವಿ. ಅದರ ಚಿಪ್ಪಿನ ಮುಂತುದಿಯಲ್ಲಿ ಅರದಂಥ ಹಲ್ಲುಗಳಿವೆ. ತೀರಾ ಮರಿಯಾಗಿದ್ದಾಗಲೇ ಮೆತ್ತನೆಯ ಕಲ್ಲಿಗೆ ಅಂಟಿಕೊಂಡು, ಮೈಯನ್ನು ಅತ್ತಿತ್ತ ಹೊರಳಿಸುತ್ತ ಉಜ್ಜತೊಡಗುತ್ತದೆ. ಬೈರಿಗೆಯೂ ತಾನೇ, ಬಡಗಿಯೂ ತಾನೇ. ಆದರೆ ಬಡಗಿಯ ಬೈರಿಗೆ ಬೆಳೆಯುವುದಿಲ್ಲ, ಈ ಬೈರಿಗೆ ಬೆಳೆಯುತ್ತದೆ! ಒಳಗೆ ಇಳಿದಂತೆಲ್ಲ ದಪ್ಪಗಾಗುತ್ತದೆ, ಅದರ ಜೊತೆ ತೂತೂ ಅಗಲವಾಗುತ್ತದೆ. ಬಾಯಿ ಮಾತ್ರ ಕಿರಿದಾಗಿಯೇ ಉಳಿಯುತ್ತದೆ. ಒಂದು ಗಡಿಗೆಯನ್ನು ನೆನೆಸಿಕೊಳ್ಳಿ. ಅಥವಾ ಬಾಟಲಿಯ ಬಾಯಿಗೆ ಸೌತೆಮಿಡಿ ತೂರಿಸಿ, ಬಳ್ಳಿಯಲ್ಲೇ ಬಲಿಯಲು ಬಿಟ್ಟಿರಿ ಅನ್ನಿ. ಕಾಯಿ ಬಲಿತ ಮೇಲೆ ಹೊರಗೆ ತೆಗೆಯಿರಿ ನೋಡೋಣ! ಪಿಡಕ್‌ನ ಕಥೆಯೂ ಅದೇ. ಹೊಕ್ಕ ಬಾಗಿಲಲ್ಲಿ ಮತ್ತೆ ಹೊರಗೆ ಬರುವ ಹಾಗಿಲ್ಲ. ಆ ಬಾಗಿಲಿನಿಂದ ಕೊಳವೆ ಚಾಚಿ, ನೀರೆಳೆದುಕೊಂಡು, ಸಿಕ್ಕಿದ್ದನ್ನು ಸೋಸಿ ತಿಂದು ಅಲ್ಲೇ ಬಾಳಿ ಅಲ್ಲೇ ಸಾಯುತ್ತದೆ. ಆಮೇಲೆ ಅಲೆಗಳು ಕಲ್ಲನ್ನು ಇನ್ನೊಂದು ಕಡೆಯಿಂದ ಸವೆಸಿದರೆ ತೂತು ಎರಡೂ ಕಡೆ ತೆರೆದುಕೊಳ್ಳುತ್ತದೆ. ನಮಗೆ 'ಬಲೆಯ ಗುಂಡು' ಸಿಗುತ್ತದೆ.

ಮನುಷ್ಯ ಕಲ್ಲು ಕೊರೆದ ರೀತಿ ಬೇರೆ. ಒಂದೇ ಕಡೆಯಿಂದ ಕೊರೆದರೆ ಆಚೆ ಬದಿ ಸಿಡಿದುಹೋಗುತ್ತದೆ. ಹಾಗಾಗಿ ಸಾಮಾನ್ಯವಾಗಿ ಎರಡೂ ಕಡೆಯಿಂದ ಕೊರೆದು ನಡುವೆ ಕೂಡಿಸುತ್ತಿದ್ದ. ಅಂಥ ತೂತು ಡಮರುವಿನ ಆಕಾರ: ಎರಡೂ ಬಾಯಿ ಅಗಲ, ಸೊಂಟ ಸಣ್ಣದು. ಗಡಿಗೆಯೋ ಡಮರುವೋ, ಇಷ್ಟು ನೋಡಿದರೆ ಅರ್ಧ ಜಗಳ ಮುಗಿಯಿತು. ಉಳಿದರ್ಧವನ್ನು ಹಗ್ಗ ಹೇಳುತ್ತದೆ. ಬಾವಿಕಟ್ಟೆಯ ಕಲ್ಲಿನ ಮೇಲೆ ಹಗ್ಗ ಉಜ್ಜಿ ಉಜ್ಜಿ ಬೀಳುವ ಗೆರೆ ನೋಡಿದ್ದೀರಲ್ಲ? ಬಲೆಗೆ ಕಟ್ಟಿದ ಕಲ್ಲಿನಲ್ಲೂ ತೂತಿನ ಒಂದು ಅಂಚು ಹಾಗೇ ನುಣ್ಣಗೆ ಸವೆದಿರಬಹುದು. ತೂತೇ ಇಲ್ಲದೆ ಸೊಂಟದ ಸುತ್ತ ಕಾಲುವೆ ತೋಡಿದ ಗುಂಡುಗಳೂ ಬೇಕಾದಷ್ಟಿವೆ. ಅವನ್ನು ಯಾರೂ ಎತ್ತಿಕೊಳ್ಳುವುದಿಲ್ಲ, ಪಾಪ.

ತೂತಿನ ಕಲ್ಲಿಗೆ ಅಂಟಿದ ನಂಬಿಕೆಗಳೇನು ಕಮ್ಮಿಯೇ? ಇಂಗ್ಲೆಂಡಿನಲ್ಲಿ ಮಾಟಗಾತಿಯರು ರಾತ್ರಿ ಕುದುರೆ ಏರಿ ಓಡಿಸದಿರಲಿ ಎಂದು ಲಾಯದಲ್ಲಿ ಇಂಥ ಕಲ್ಲು ತೂಗುಹಾಕುತ್ತಿದ್ದರು. ಇವತ್ತೂ ಅದೃಷ್ಟದ ಕಲ್ಲು ಅಂತ ಕೊರಳಿಗೆ ಕಟ್ಟಿಕೊಳ್ಳುವವರಿದ್ದಾರೆ. ನನಗೆ ಸಂಕಟವಾಗುವುದು ಏಕೆಂದರೆ, ಆ ತೂತಿಗೆ ಇರುವ ನಿಜವಾದ ಕಥೆ ಮಾಟಕ್ಕಿಂತ ದೊಡ್ಡದು. ಇಟಲಿಯ ಪೊಟ್ಸುವೋಲಿಯಲ್ಲಿ ರೋಮನ್ನರ ಹಳೆಯ ಮಾರುಕಟ್ಟೆಯೊಂದರ ಮೂರು ಅಮೃತಶಿಲೆಯ ಕಂಬಗಳು ಇನ್ನೂ ನಿಂತಿವೆ. ಬುಡದಿಂದ ಸುಮಾರು 3.6 ಮೀಟರ್‌ವರೆಗೆ ನುಣುಪು. ಅದರ ಮೇಲೆ ಸುಮಾರು 2.7 ಮೀಟರ್ ಉದ್ದಕ್ಕೂ ತೂತೋ ತೂತು. ಕೊರೆದದ್ದು ಪಿಡಕ್‌ನಂತೆಯೇ ಕಲ್ಲಿನಲ್ಲಿ ಮನೆ ಮಾಡುವ ಇನ್ನೊಂದು ಚಿಪ್ಪುಜೀವಿ. ಅದು ಉಜ್ಜುವುದಕ್ಕಿಂತ ಕಲ್ಲನ್ನು ಕರಗಿಸುವುದೇ ಹೆಚ್ಚು. ಸಮುದ್ರಜೀವಿ ಅಷ್ಟು ಎತ್ತರಕ್ಕೆ ಏರಿದ್ದು ಹೇಗೆ? ಏರಲಿಲ್ಲ, ನೆಲವೇ ಕಡಲಿಗೆ ಇಳಿದಿತ್ತು. ಆಮೇಲೆ ಕಂಬಗಳು ಬೀಳದ ಹಾಗೆ ಮೆಲ್ಲಗೆ ಮೇಲೆ ಬಂತು. ಬುಡ ಹೂಳಿನಲ್ಲಿ ಮುಚ್ಚಿಹೋಗಿದ್ದರಿಂದ ಅಲ್ಲಿ ತೂತಿಲ್ಲ. ಭೂವಿಜ್ಞಾನಿ ಚಾರ್ಲ್ಸ್ ಲಯಲ್ 1830ರಲ್ಲಿ ತಮ್ಮ ಪುಸ್ತಕದ ಮೊದಲ ಚಿತ್ರವಾಗಿ ಹಾಕಿದ್ದು ಈ ಕಂಬಗಳನ್ನೇ. ಮಾಟಗಾತಿಯ ಕೈಲಿ ಇದಾಗುತ್ತಾ?

ಇನ್ನು ಪ್ಲಾಸ್ಟಿಕ್. ಪೆಸಿಫಿಕ್ ತೀರಗಳಲ್ಲಿ, ಹವಾಯಿಯಲ್ಲಂತೂ ಜಾಸ್ತಿಯೇ, ಕಪ್ಪು ಆಲಿಕೆಯಂಥ ವಸ್ತು ಸಿಗುತ್ತದೆ. ತುದಿ ಸೀಳುಸೀಳಾಗಿ ಬೆರಳುಗಳ ಹಾಗೆ ಕೂಡಿಕೊಂಡಿರುತ್ತದೆ. ಯಾವುದೋ ಯಂತ್ರದ ಭಾಗ ಅನ್ನಿಸುತ್ತದೆ. ಬೆರಳು ಹಾಕಿ ನೋಡಿ. ಒಳಗೆ ಸಲೀಸಾಗಿ ಹೋಗುತ್ತದೆ, ಹಿಂದಕ್ಕೆ ಎಳೆದರೆ ಹಿಡಿದುಕೊಳ್ಳುತ್ತದೆ. ಅಲ್ಲಿಗೆ ಗುಟ್ಟು ಗೊತ್ತಾಯಿತು: ಇದು ಲೋಳೆಮೈಯ ಹ್ಯಾಗ್‌ಫಿಶ್ ಹಿಡಿಯುವ ಕೂಳಿಯ ಬಾಯಿ. ನಮ್ಮ ಬಿದಿರಿನ ಕೂಳಿಯ ಲೆಕ್ಕಾಚಾರವೇ, ಬರುವವರಿಗೆ ದಾರಿ, ಹೋಗುವವರಿಗೆ ಇಲ್ಲ. ಹವಾಯಿಯಲ್ಲಿ ಮಾಂಕ್ ಸೀಲ್ ಎಂಬ ಕಡಲಪ್ರಾಣಿಯ ಮರಿಗಳು ಇದಕ್ಕೆ ಮೂತಿ ತೂರಿಸಿ ಸಿಕ್ಕಿಬಿದ್ದದ್ದೂ ಉಂಟು.

ತೂತಿಲ್ಲದ ವಸ್ತುವಿನಲ್ಲೂ ತೂತು ಹುಡುಕಬೇಕಾಗುತ್ತದೆ. ಗಾಜಿನ ಬುರುಡೆಗಳನ್ನೇ ತೆಗೆದುಕೊಳ್ಳಿ. ಬಲೆ ಮುಳುಗದಂತೆ ಬೆಂಡಿನ ಬದಲು ಕಟ್ಟುತ್ತಿದ್ದ ಇವು ನಾರ್ವೆಯಲ್ಲಿ 1840ರ ದಶಕದಲ್ಲಿ ಶುರುವಾದವು. ಜಪಾನಿನಲ್ಲಿ 20ನೇ ಶತಮಾನದ ಆರಂಭದಲ್ಲಿ ಬಂದವು, ಅಲ್ಲಿ ಹಳೇ ಬಾಟಲಿ ಕರಗಿಸಿಯೂ ಊದುತ್ತಿದ್ದರು. ಅದಕ್ಕೇ ಆ ಹಸಿರು, ಆ ಗುಳ್ಳೆಗಳು. ಊದಿದ ಬಾಯಿಯನ್ನು ಗಾಜಿನ ಬಿಲ್ಲೆ ಒತ್ತಿ ಮುಚ್ಚುತ್ತಿದ್ದರು. ಕೆಲವು ಬುರುಡೆಗಳಲ್ಲಿ ನೀರು ತುಳುಕುತ್ತದೆ. ಎಲ್ಲ ಕಡೆ ಮುಚ್ಚಿದ ಗಾಜಿನೊಳಗೆ ನೀರು! ಪವಾಡ ಅಂತ ಕೈಮುಗಿಯುವ ಮುಂಚೆ ಲೆಕ್ಕ ಹಾಕೋಣ. ಬಲೆ ಭಾರವಾಗಿ ಬುರುಡೆಯನ್ನು 100 ಮೀಟರ್ ಆಳಕ್ಕೆ ಎಳೆಯಿತು ಅನ್ನಿ. ಅಲ್ಲಿ ನೀರು ಒಂದೊಂದು ಚದರ ಸೆಂಟಿಮೀಟರ್ ಮೇಲೂ ಸುಮಾರು 10 ಕೆಜಿ ಹೆಚ್ಚಾಗಿ ಒತ್ತುತ್ತದೆ. 10 ಸೆಂಟಿಮೀಟರ್ ಅಡ್ಡಳತೆಯ ಬುರುಡೆಗೆ ಸುತ್ತಲಿಂದ ಒಟ್ಟು 3 ಟನ್. ದುಂಡಗಿರುವುದರಿಂದ ಗಾಜು ಒಡೆಯದೆ ತಡೆಯುತ್ತದೆ. ಆದರೆ ಬಿಲ್ಲೆ ಒತ್ತಿದಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೆ ನೀರು ಅಲ್ಲಿಂದ ನುಗ್ಗುತ್ತದೆ. ಮೇಲೆ ಬಂದ ಮೇಲೆ ಹೊರಗೆ ಹೋಗು ಎಂದು ಅಷ್ಟು ಜೋರಾಗಿ ನೂಕುವವರು ಯಾರೂ ಇಲ್ಲ.

ಕಡಲಲ್ಲಿರುವ ವಸ್ತುಗಳಿಗೆ ಅಂಟಿಕೊಂಡು ಬೆಳೆಯುವ, ಗಟ್ಟಿ ಕವಚದ ಪುಟ್ಟ ಜೀವಿ ಬಾರ್ನಕಲ್ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಮೈತುಂಬ ಅಂಟಿದ್ದರೆ ಪುರಾತನ ವಸ್ತು ಅಂತ ಸುಮ್ನೆ ಹೇಳಿಬಿಡುತ್ತಾರೆ. 2014ರ ಮಾರ್ಚ್‌ನಲ್ಲಿ ಕಾಣೆಯಾದ ಮಲೇಷ್ಯಾ ಏರ್‌ಲೈನ್ಸ್ ವಿಮಾನದ ರೆಕ್ಕೆಯ ತುಂಡು 2015ರ ಜುಲೈನಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಸಿಕ್ಕಿತು. ಒಂದೂವರೆ ವರ್ಷವೂ ಆಗಿರಲಿಲ್ಲ, ಗೂಸ್ ಬಾರ್ನಕಲ್‌ಗಳು ಗೊಂಚಲುಗಟ್ಟಿದ್ದವು. ಅವು ಕಡಲಲ್ಲಿ ತೇಲುವ ವಸ್ತುಗಳನ್ನು ಹಿಡಿದು ಬೇಗಬೇಗ ಬೆಳೆಯುವ ಜಾತಿ. ವಸ್ತು ತೇಲಿಕೊಂಡು ಬಂತು ಎಂದು ಅವು ಹೇಳಬಲ್ಲವು. ಎಷ್ಟು ಶತಮಾನ ಹಳೆಯದು ಎಂದಲ್ಲ.

ಆಕಾರ ನೋಡಿ ಆಸೆಪಡುವ ಮೊದಲು ಒಂದು ಎಚ್ಚರಿಕೆ. ಗುರುತು ಸಿಗದ ಲೋಹದ ಕೊಳವೆ, ಡಬ್ಬಿಗಳನ್ನು ಮುಟ್ಟದೆ ಪೊಲೀಸರಿಗೆ ತಿಳಿಸಿ, ಹಳೇ ಯುದ್ಧದ ಮದ್ದುಗುಂಡು ಇರಬಹುದು. ಉತ್ತರ ಯುರೋಪಿನ ಬಾಲ್ಟಿಕ್ ಕಡಲತೀರದಲ್ಲಿ ಅಂಬರ್, ಅಂದರೆ ಕಲ್ಲಿನಂತೆ ಗಟ್ಟಿಯಾದ ಜೇನಿನ ಬಣ್ಣದ ಹಳೇ ಮರದಂಟು, ಹುಡುಕುವವರಿಗೆ ಅದರಂತೆಯೇ ಕಾಣುವ ಇನ್ನೊಂದು ಸಿಗುತ್ತದೆ: ಎರಡನೇ ಮಹಾಯುದ್ಧದ ಬೆಂಕಿಬಾಂಬುಗಳಿಂದ ಉಳಿದ ಬಿಳಿ ರಂಜಕ. ಒದ್ದೆಯಾಗಿರುವಷ್ಟು ಹೊತ್ತು ತೆಪ್ಪಗಿರುತ್ತದೆ. ಒಣಗಿ, ಮೈಯ ಬಿಸಿ ತಾಕಿತೋ, ತಾನಾಗೇ ಹೊತ್ತಿಕೊಳ್ಳುತ್ತದೆ. ಅದಕ್ಕೇ ಅಲ್ಲಿ ಆಯ್ದದ್ದನ್ನು ತಗಡಿನ ಡಬ್ಬಿಯಲ್ಲಿಡಿ ಅನ್ನುತ್ತಾರೆ. ಇಲ್ಲದಿದ್ದರೆ ತೂತು ಬೀಳುವುದು ಜೇಬಿಗೆ, ಅದರ ಹಿಂದಿರುವ ತೊಡೆಗೆ.